ಇಸಾಪ್ ಸಿಕ್ಕಿದೆಯಾ? ದುಡ್ಡು ಬರುವ ಮೊದಲೇ ತೆರಿಗೆ ಬರುತ್ತದೆ, ಹೀಗೆ ಸಿದ್ಧರಾಗಿ

2025ರ ಜುಲೈನಲ್ಲಿ ನಾನು ಬೆಂಗಳೂರಿನ ಕೆಲಸ ಬಿಟ್ಟು ದಾವಣಗೆರೆಗೆ ವಾಪಸ್ ಬಂದೆ. ಹೊಸ ಕೆಲಸ ಮನೆಯಿಂದಲೇ, ವಿದ್ಯಾನಗರದ ನಮ್ಮ ಮನೆಯ ಮಹಡಿ ರೂಮಿನಲ್ಲಿ. ಬಂದು ಎರಡು ವಾರ ಆಗಿರಲಿಲ್ಲ, ಹಳೇ ಕಂಪನಿಯ ಎಚ್‌ಆರ್‌ನಿಂದ ಒಂದು ಮೇಲ್ ಬಂತು. ನಿಮ್ಮ ಹೆಸರಿನಲ್ಲಿ 2,000 ಆಪ್ಷನ್ (ಕಂಪನಿಯ ಷೇರನ್ನು ಮೊದಲೇ ನಿಗದಿಯಾದ ದರಕ್ಕೆ ಕೊಳ್ಳುವ ಹಕ್ಕು) ಇವೆ, ಷೇರು ಬೇಕಿದ್ದರೆ 90 ದಿನದೊಳಗೆ ತಗೊಳ್ಳಿ, ಒಂದಕ್ಕೆ 50 ರೂಪಾಯಿಯಂತೆ 1,00,000 ರೂಪಾಯಿ ಕಟ್ಟಿ, ‘ಜೊತೆಗೆ ಅನ್ವಯವಾಗುವ ತೆರಿಗೆ’. ಆ ಕೊನೆಯ ಮೂರು ಪದಗಳನ್ನು ನಾನು ಮೊದಲ ಸಲ ಓದಿದಾಗ ಗಮನಿಸಲೇ ಇಲ್ಲ. ಸಂಜೆ ಕೂತು ಲೆಕ್ಕ ಹಾಕಿದರೆ ತೆರಿಗೆಯೇ 3,93,900 ರೂಪಾಯಿ ಬಂತು.

ಪಕ್ಕದಲ್ಲಿ ಅಪ್ಪಾಜಿ ಮಂಡಕ್ಕಿ ತಿನ್ನುತ್ತಾ ಕೂತಿದ್ದರು. ವಿಷಯ ಹೇಳಿದೆ. ಅವರು ತಟ್ಟೆ ಕೆಳಗಿಟ್ಟು ಕೇಳಿದರು: ‘ಮಾಲು ಇನ್ನೂ ಮಾರಿಲ್ಲ, ರೊಕ್ಕ ಕೈಗೆ ಬಂದಿಲ್ಲ. ತೆರಿಗೆ ಯಾಕಪ್ಪಾ ಕಟ್ಟಬೇಕು?’

ಅವರ ಪ್ರಶ್ನೆ ಸರಿಯಾಗೇ ಇತ್ತು. ಆದರೆ ಕಾನೂನು ಇರುವುದೇ ಹಾಗೆ. ನಮ್ಮ ಊರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಎಷ್ಟೋ ಹುಡುಗರ, ಹುಡುಗಿಯರ ಆಫರ್ ಲೆಟರ್‌ನಲ್ಲಿ ಈಗ ಇಸಾಪ್, ಅಂದರೆ ನೌಕರರಿಗೆ ಇಂಥ ಆಪ್ಷನ್ ಕೊಡುವ ಯೋಜನೆ, ಇರುತ್ತದೆ. ಇನ್ಫೋಸಿಸ್ 90ರ ದಶಕದಲ್ಲಿ ನೌಕರರಿಗೆ ಷೇರು ಕೊಟ್ಟ ಕಥೆ ಕೇಳಿ ಬೆಳೆದವರು ನಾವು, ಹಾಗಾಗಿ ಇಸಾಪ್ ಅಂದ ಕೂಡಲೇ ದುಡ್ಡಿನ ಆಸೆ ಬರುವುದು ಸಹಜ. ಆಸೆ ಇರಲಿ, ಜೊತೆಗೆ ಲೆಕ್ಕವೂ ಇರಲಿ. ನಾನು 90 ದಿನದ ಗಡುವಿನಲ್ಲಿ ಒದ್ದಾಡಿ ಕಲಿತದ್ದನ್ನು ನೀವು ಮೊದಲೇ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು, ಇದು ಏನು

ಚನ್ನಗಿರಿ ಕಡೆಯವರಿಗೆ ಖೇಣಿ ಗೊತ್ತು. ಅಡಿಕೆ ಇನ್ನೂ ಮರದಲ್ಲಿ ಇರುವಾಗಲೇ ಖೇಣಿದಾರ ಬಂದು ತೋಟ ನೋಡಿ ದರ ಮಾತಾಡುತ್ತಾನೆ. ಆಮೇಲೆ ಮಾರುಕಟ್ಟೆ ಏರಲಿ, ಇಳಿಯಲಿ, ಮಾತು ಅಂದರೆ ಮಾತು. ಇಸಾಪ್ ಅರ್ಧ ಹಾಗೆಯೇ. ಕಂಪನಿ ನಿಮಗೆ ಇವತ್ತು ಒಂದು ದರ ನಿಗದಿ ಮಾಡುತ್ತದೆ. ನಾಲ್ಕು ವರ್ಷ ಬಿಟ್ಟು ಷೇರಿನ ಬೆಲೆ ಎಷ್ಟೇ ಆಗಿರಲಿ, ನೀವು ಆ ಹಳೇ ದರಕ್ಕೇ ತಗೊಳ್ಳಬಹುದು. ಖೇಣಿಗೂ ಇದಕ್ಕೂ ವ್ಯತ್ಯಾಸ ಏನು ಅಂದರೆ, ಬೆಲೆ ಬಿದ್ದರೆ ತಗೊಳ್ಳಲೇಬೇಕು ಅಂತ ನಿಮಗೆ ಬಲವಂತ ಇಲ್ಲ. ಸುಮ್ನೆ ಬಿಟ್ಟುಬಿಡಬಹುದು.

ಇದರಲ್ಲಿ ನಾಲ್ಕು ಘಟ್ಟ. ಕಂಪನಿ ಪತ್ರ ಕೊಡುವುದು ಗ್ರಾಂಟ್. ನಿಗದಿತ ಕಾಲ ಕೆಲಸ ಮಾಡಿದ ಮೇಲೆ ಹಕ್ಕು ಪಕ್ಕಾ ಆಗುವುದು ವೆಸ್ಟಿಂಗ್. ದುಡ್ಡು ಕಟ್ಟಿ ಷೇರು ತಗೊಳ್ಳುವುದು ಎಕ್ಸರ್‌ಸೈಜ್. ಕೊನೆಗೆ ಮಾರಾಟ. ತೆರಿಗೆ ಬೀಳುವುದು ಎರಡು ಕಡೆ, ಎಕ್ಸರ್‌ಸೈಜ್ ಮಾಡಿದಾಗ ಒಮ್ಮೆ, ಮಾರಿದಾಗ ಇನ್ನೊಮ್ಮೆ. ಗ್ರಾಂಟ್ ಮತ್ತು ವೆಸ್ಟಿಂಗ್‌ಗೆ ತೆರಿಗೆ ಇಲ್ಲ. ಖೇಣಿದಾರ ಕೊಯ್ಲು ಮಾಡಿ ಕಾಯಿಯನ್ನು ತನ್ನ ಮನೆಗೆ ತಂದ ದಿನವೇ, ಒಂದು ಕಾಳೂ ಮಾರುವ ಮೊದಲೇ, ಆ ದಿನದ ಮಾರುಕಟ್ಟೆ ದರಕ್ಕೂ ಅವನು ಮಾತಾಡಿದ ದರಕ್ಕೂ ಇರುವ ವ್ಯತ್ಯಾಸದ ಮೇಲೆ ತೆರಿಗೆ ಕಟ್ಟು ಅಂದರೆ ಹೇಗಿರುತ್ತದೆ? ಎಕ್ಸರ್‌ಸೈಜ್ ತೆರಿಗೆ ಅಂದರೆ ಅದೇ.

ಹೆಜ್ಜೆ 1: ಪತ್ರ ಓದಿ, ಪ್ಲಾನ್ ಕೇಳಿ ತಗೊಳ್ಳಿ

ನನಗೆ ಗ್ರಾಂಟ್ ಲೆಟರ್ ಸಿಕ್ಕಿದ್ದು 2021ರಲ್ಲಿ. ಸಹಿ ಹಾಕಿ ಮೇಲ್‌ನಲ್ಲೇ ಬಿಟ್ಟಿದ್ದೆ. ರಾಜೀನಾಮೆ ಕೊಟ್ಟ ಮೇಲೆ ತೆರೆದು ನೋಡಿದೆ. ಎರಡು ಪುಟ ಅಷ್ಟೇ. ಅದರಲ್ಲಿ ಒಂದು ಸಾಲು, ‘ಉಳಿದ ಷರತ್ತುಗಳು ಪ್ಲಾನ್ ಪ್ರಕಾರ’. ಆ ಪ್ಲಾನ್ ಅನ್ನುವ ದಸ್ತಾವೇಜು ಇನ್ನೂ 30 ಪುಟ, ಅದನ್ನು ನನಗೆ ಯಾರೂ ಕಳಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ನಿಜವಾದ ಷರತ್ತುಗಳೆಲ್ಲ ಇರುವುದು ಅಲ್ಲಿ. ಹಾಗಾಗಿ ಪತ್ರ ಸಿಕ್ಕ ವಾರದಲ್ಲೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಪೂರ್ತಿ ಪ್ಲಾನ್ ಕಳಿಸಿ ಅಂತ. ಕೇಳುವುದರಲ್ಲಿ ಸಂಕೋಚ ಬೇಡ.

ಪ್ಲಾನ್ ಬಂದ ಮೇಲೆ ಹುಡುಕಬೇಕಾದ್ದು ಇಷ್ಟು. ನಿಮಗೆ ಎಷ್ಟು ಆಪ್ಷನ್, ಒಂದಕ್ಕೆ ಎಷ್ಟು ದರ. ಯಾವ್ಯಾವ ತಿಂಗಳು ಎಷ್ಟೆಷ್ಟು ವೆಸ್ಟ್ ಆಗುತ್ತದೆ. ಕೆಲಸ ಬಿಟ್ಟ ಮೇಲೆ ಎಷ್ಟು ದಿನ ಸಮಯ. ಷೇರು ತಗೊಂಡ ಮೇಲೆ ಹೊರಗಿನವರಿಗೆ ಮಾರಬಹುದಾ, ಇಲ್ಲ ಕಂಪನಿಯ ಅನುಮತಿ ಬೇಕಾ. ತಪ್ಪಿನ ಕಾರಣ ಕೊಟ್ಟು ಕೆಲಸದಿಂದ ತೆಗೆದರೆ ವೆಸ್ಟ್ ಆದದ್ದೂ ಹೋಗುತ್ತದಾ.

ಇನ್ನೊಂದು ಮಾತು. 2,000 ಆಪ್ಷನ್ ಅಂದರೆ ಜಾಸ್ತಿಯಾ, ಕಡಿಮೆಯಾ? ಅದೊಂದೇ ಸಂಖ್ಯೆ ನೋಡಿ ಹೇಳಲು ಬರುವುದಿಲ್ಲ. ಕಂಪನಿಯ ಒಟ್ಟು ಷೇರು 2 ಲಕ್ಷ ಇದ್ದರೆ ನಿಮ್ಮದು ನೂರಕ್ಕೆ ಒಂದು ಪಾಲು. ಒಟ್ಟು 2 ಕೋಟಿ ಇದ್ದರೆ ಹತ್ತು ಸಾವಿರಕ್ಕೆ ಒಂದು. ಎಲ್ಲರ ಆಪ್ಷನ್ನೂ ಸೇರಿಸಿ ಒಟ್ಟು ಷೇರು ಎಷ್ಟು ಅಂತ ಕೇಳಿ. ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವ ಕಂಪನಿಯ ಮೇಲೆ ನನಗೆ ನಂಬಿಕೆ ಜಾಸ್ತಿ.

ಹೆಜ್ಜೆ 2: ನೀವು ಕಾಗದದ ಮೇಲೆ ನೌಕರರಾ?

ಇದನ್ನು ನಮ್ಮ ಊರಿನವರಿಗೆ ಒತ್ತಿ ಹೇಳಬೇಕು. ದಾವಣಗೆರೆಯಲ್ಲಿ ಮನೆಯಿಂದ ಕೆಲಸ ಮಾಡುವವರಲ್ಲಿ ಕೆಲವರು ನೌಕರರಲ್ಲ, ‘ಕನ್ಸಲ್ಟೆಂಟ್’ ಅಂತ ಸಹಿ ಹಾಕಿರುತ್ತಾರೆ. ತಿಂಗಳು ತಿಂಗಳು ಇನ್‌ವಾಯ್ಸ್ ಕೊಟ್ಟು ದುಡ್ಡು ತಗೊಳ್ಳುತ್ತಾರೆ. 2013ರ ಕಂಪನಿ ಕಾಯ್ದೆ ಮತ್ತು 2014ರ ಷೇರು ಬಂಡವಾಳ ನಿಯಮಗಳ ಪ್ರಕಾರ ಇಸಾಪ್ ಕೊಡಬಹುದಾದ್ದು ನೌಕರರಿಗೆ ಮತ್ತು ನಿರ್ದೇಶಕರಿಗೆ. ಅಧೀನ ಕಂಪನಿಯ ನೌಕರರೂ ಇದರಲ್ಲಿ ಸೇರುತ್ತಾರೆ. ಕನ್ಸಲ್ಟೆಂಟ್ ಸೇರುವುದಿಲ್ಲ. ಹಾಗಾಗಿ ಭಾರತದ ಕಂಪನಿಯೊಂದು ಕನ್ಸಲ್ಟೆಂಟ್‌ಗೆ ‘ಇಸಾಪ್ ಕೊಡ್ತೀವಿ’ ಅಂದರೆ, ಯಾವ ಕಾನೂನಿನ ಕೆಳಗೆ, ಯಾವ ಕಾಗದದ ಮೇಲೆ ಅಂತ ಅವತ್ತೇ ಕೇಳಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಮಾಲೀಕರು ಹಾಕಿದ ‘ನಿನಗೂ ಈಕ್ವಿಟಿ ಇದೆ’ ಅನ್ನುವ ಮೆಸೇಜ್ ಷೇರು ಅಲ್ಲ. ಇಸಾಪ್ ಯೋಜನೆಗೆ ಷೇರುದಾರರ ಒಪ್ಪಿಗೆ ಬೇಕು, ನಿಮ್ಮ ಹೆಸರಿಗೆ ಗ್ರಾಂಟ್ ಲೆಟರ್ ಬೇಕು, ಕಂಪನಿ ಇಡುವ ಆಪ್ಷನ್ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಇರಬೇಕು. ಕಡಿಮೆ ಸಂಬಳಕ್ಕೆ ಒಪ್ಪಿಕೊಳ್ಳುವ ಮೊದಲು ಇವು ಇವೆಯಾ ನೋಡಿ.

ಹೆಜ್ಜೆ 3: ವೆಸ್ಟಿಂಗ್ ತಾರೀಕು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯಿರಿ

ಗ್ರಾಂಟ್ ಆದ ದಿನದಿಂದ ಕನಿಷ್ಠ ಒಂದು ವರ್ಷ ಆಗದೆ ವೆಸ್ಟ್ ಆಗುವ ಹಾಗಿಲ್ಲ. ಇದು ಕಾನೂನು. ಬಹಳ ಕಂಪನಿಗಳು ನಾಲ್ಕು ವರ್ಷಕ್ಕೆ ಹಂಚುತ್ತವೆ, ಮೊದಲ ವರ್ಷದ ಕೊನೆಗೆ ಕಾಲು ಭಾಗ, ಆಮೇಲೆ ತಿಂಗಳಿಗೋ ಮೂರು ತಿಂಗಳಿಗೋ ಸ್ವಲ್ಪ ಸ್ವಲ್ಪ. ಹನ್ನೊಂದನೇ ತಿಂಗಳಲ್ಲಿ ಕೆಲಸ ಬಿಟ್ಟರೆ ಏನೂ ಸಿಗುವುದಿಲ್ಲ. ಒಂದು ತಿಂಗಳು ತಡೆದಿದ್ದರೆ ಕಾಲು ಭಾಗ ಸಿಗುತ್ತಿತ್ತು. ಅದಕ್ಕೇ ಕ್ಯಾಲೆಂಡರ್ ಅಂದೆ.

ವೆಸ್ಟ್ ಆಯಿತು ಅಂದ ಮಾತ್ರಕ್ಕೆ ನೀವು ಷೇರುದಾರರಲ್ಲ. ಡಿವಿಡೆಂಡ್ ಇಲ್ಲ, ವೋಟು ಇಲ್ಲ. ಆಪ್ಷನ್ ಅನ್ನು ಬೇರೆಯವರ ಹೆಸರಿಗೆ ವರ್ಗಾಯಿಸುವ ಹಾಗಿಲ್ಲ, ಅಡ ಇಡುವ ಹಾಗೂ ಇಲ್ಲ. ನಮ್ಮ ಅಪ್ಪಾಜಿ ‘ಆ ಪತ್ರ ಇಟ್ಟು ಸೊಸೈಟಿಯಾಗೆ ಸಾಲ ಸಿಗಲ್ವಾ’ ಅಂದಿದ್ದರು. ಸಿಗುವುದಿಲ್ಲ. ಇನ್ನು ಮಧ್ಯದಲ್ಲಿ ಕಂಪನಿ ಷರತ್ತು ಬದಲಿಸುತ್ತೇವೆ ಅಂದರೆ, ನೀವು ಎಕ್ಸರ್‌ಸೈಜ್ ಮಾಡದ ಆಪ್ಷನ್‌ಗಳ ಷರತ್ತನ್ನು ಷೇರುದಾರರ ವಿಶೇಷ ನಿರ್ಣಯದಿಂದ ಬದಲಿಸಬಹುದು, ಆದರೆ ಅದು ನಿಮಗೆ ನಷ್ಟ ಆಗುವ ಹಾಗೆ ಇರಬಾರದು. ಈ ನಿಯಮ ನೆನಪಿಡಿ, ‘ಪರಿಷ್ಕೃತ ಪ್ಲಾನ್’ ಅಂತ ಮೇಲ್ ಬಂದಾಗ ಕಣ್ಣುಮುಚ್ಚಿ ಒಪ್ಪಿಗೆ ಕ್ಲಿಕ್ ಮಾಡಬೇಡಿ.

ಹೆಜ್ಜೆ 4: ಎಕ್ಸರ್‌ಸೈಜ್ ಮಾಡುವ ಮೊದಲು ಪೆನ್ನು ಹಿಡಿದು ಲೆಕ್ಕ ಹಾಕಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಎಕ್ಸರ್‌ಸೈಜ್ ದಿನದ ಷೇರಿನ ಮಾರುಕಟ್ಟೆ ಬೆಲೆಯಲ್ಲಿ ನೀವು ಕಟ್ಟಿದ ದರವನ್ನು ಕಳೆಯಿರಿ. ಉಳಿದದ್ದು ನಿಮ್ಮ ಸಂಬಳದ ಭಾಗ ಅಂತ ಕಾನೂನು ಲೆಕ್ಕ ಹಿಡಿಯುತ್ತದೆ. ಕಾರು, ಮನೆ ಕೊಟ್ಟರೆ ಹೇಗೆ ಸವಲತ್ತು ಅನ್ನುತ್ತಾರೋ ಹಾಗೆ ಇದೂ ಒಂದು ಸವಲತ್ತು, ತೆರಿಗೆ ಭಾಷೆಯಲ್ಲಿ ಪರ್ಕ್ವಿಸಿಟ್. ಕಂಪನಿ ಷೇರು ಮಾರುಕಟ್ಟೆಯಲ್ಲಿ ಲಿಸ್ಟ್ ಆಗಿದ್ದರೆ ಆ ದಿನ ಬೆಳಿಗ್ಗೆ ತೆರೆದ ಬೆಲೆ ಮತ್ತು ಸಂಜೆ ಮುಚ್ಚಿದ ಬೆಲೆಯ ಸರಾಸರಿಯೇ ಮಾರುಕಟ್ಟೆ ಬೆಲೆ. ಲಿಸ್ಟ್ ಆಗದ ಕಂಪನಿಯಾದರೆ ಮರ್ಚೆಂಟ್ ಬ್ಯಾಂಕರ್ (ಷೇರಿಗೆ ಬೆಲೆ ಕಟ್ಟುವ ಅಧಿಕೃತ ಹಣಕಾಸು ಸಂಸ್ಥೆ) ಕೊಟ್ಟ ಮೌಲ್ಯಮಾಪನ. ಅದು ಎಕ್ಸರ್‌ಸೈಜ್ ದಿನದ್ದೇ ಆಗಬೇಕು, ಇಲ್ಲವೇ ಅದಕ್ಕಿಂತ 180 ದಿನದೊಳಗೆ ಮುಂಚಿನದಾಗಿರಬೇಕು.

ನನ್ನ ಲೆಕ್ಕವನ್ನೇ ತೋರಿಸುತ್ತೇನೆ. ನನ್ನ ದರ 50 ರೂಪಾಯಿ. ಮರ್ಚೆಂಟ್ ಬ್ಯಾಂಕರ್ ಹಾಕಿದ ಬೆಲೆ 850. ವ್ಯತ್ಯಾಸ 800. ಅದನ್ನು 2,000ದಿಂದ ಗುಣಿಸಿದರೆ 16 ಲಕ್ಷ. ಆ ವರ್ಷ ಎರಡೂ ಕೆಲಸ ಸೇರಿ ನನ್ನ ಸಂಬಳ 14 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 13.25 ಲಕ್ಷ, ಅದಕ್ಕೆ ಸೆಸ್ ಸೇರಿ ತೆರಿಗೆ 81,900. ಈಗ 16 ಲಕ್ಷ ಸೇರಿಸಿ. ಆದಾಯ 29.25 ಲಕ್ಷ ಆಗುತ್ತದೆ, 24 ಲಕ್ಷ ದಾಟಿದ ಭಾಗಕ್ಕೆ ಶೇ. 30 ಬೀಳುತ್ತದೆ, ಒಟ್ಟು ತೆರಿಗೆ 4,75,800. ಎರಡರ ವ್ಯತ್ಯಾಸ 3,93,900. ಷೇರಿನ ದರ 1 ಲಕ್ಷ ಸೇರಿಸಿದರೆ 4,93,900 ರೂಪಾಯಿ ನನ್ನ ಜೇಬಿನಿಂದ ಹೋಗಬೇಕು. ಕೈಗೆ ಬರುವುದು ಏನು? ಎಲ್ಲೂ ಮಾರಲು ಆಗದ ಒಂದು ಕಂಪನಿಯ ಷೇರು.

ಈ ತೆರಿಗೆಯನ್ನು ಕಂಪನಿಯೇ ಟಿಡಿಎಸ್ ಆಗಿ ಹಿಡಿಯಬೇಕು. ಕೆಲಸದಲ್ಲಿ ಇದ್ದರೆ ಸಂಬಳದಲ್ಲಿ ಕಡಿತ ಮಾಡುತ್ತಾರೆ, ಸಂಬಳ ಸಾಲದಿದ್ದರೆ ಮುಂಗಡವಾಗಿ ಕಟ್ಟಿ ಅನ್ನುತ್ತಾರೆ. ಕೆಲಸ ಬಿಟ್ಟಿದ್ದರೆ ಮೊದಲು ದುಡ್ಡು, ಆಮೇಲೆ ಷೇರು.

ನಾನು ಕೊನೆಗೆ 1,000 ಆಪ್ಷನ್ ಮಾತ್ರ ತಗೊಂಡೆ. ಆಗ ಸವಲತ್ತು 8 ಲಕ್ಷ, ಹೆಚ್ಚುವರಿ ತೆರಿಗೆ 1,58,600. ನೋಡಿ, ಷೇರು ಅರ್ಧ ಆಯಿತು, ತೆರಿಗೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮೇಲಿನ ಹಂತದ ಶೇ. 30 ತಪ್ಪಿತು, ಅದಕ್ಕೆ. ಇದರಿಂದ ಬಂದ ಪಾಠ: ಒಂದೇ ವರ್ಷ ಎಲ್ಲ ತಗೊಳ್ಳುವ ಬದಲು ಮಾರ್ಚ್ 31ರ ಆಚೆ ಈಚೆ ಹಂಚಿ. ಸಂಬಳ, ಬೆಲೆ, ತೆರಿಗೆ ದರ ಅಷ್ಟೇ ಇದ್ದರೆ, 1,000 ಮಾರ್ಚ್‌ನಲ್ಲಿ, ಇನ್ನು 1,000 ಏಪ್ರಿಲ್‌ನಲ್ಲಿ ತಗೊಂಡರೆ ಎರಡೂ ಸೇರಿ ತೆರಿಗೆ 3,17,200. ಒಂದೇ ಸಲಕ್ಕಿಂತ 76,700 ರೂಪಾಯಿ ಕಡಿಮೆ. ಮೌಲ್ಯಮಾಪನ 180 ದಿನ ನಡೆಯುವುದರಿಂದ ಅದೇ ಬೆಲೆಯೇ ಎರಡೂ ಸಲಕ್ಕೆ ಬರುವ ಸಾಧ್ಯತೆ ಇದೆ.

ಸಂಬಳ ಕಡಿಮೆ ಇರುವವರಿಗೆ ಇನ್ನೊಂದು ಪೆಟ್ಟು ಇದೆ. 12.75 ಲಕ್ಷದವರೆಗೆ ಸಂಬಳ ಇದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ ಅಲ್ವಾ? ಅದರ ಮೇಲೆ 4 ಲಕ್ಷದ ಇಸಾಪ್ ಸವಲತ್ತು ಸೇರಿತು ಅಂದುಕೊಳ್ಳಿ. ರಿಯಾಯಿತಿ ಪೂರ್ತಿ ಹೋಗುತ್ತದೆ, ತೆರಿಗೆ 1,24,800 ಆಗುತ್ತದೆ. ಅಂದರೆ 4 ಲಕ್ಷಕ್ಕೆ ಮಾತ್ರ ಅಲ್ಲ, ಇಡೀ ಸಂಬಳಕ್ಕೆ ತೆರಿಗೆ ಬಿತ್ತು. ಒಟ್ಟು ಆದಾಯ 50 ಲಕ್ಷ ದಾಟಿದರೆ ಸರ್‌ಚಾರ್ಜ್ ಕೂಡ ಬರುತ್ತದೆ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸೆಕ್ಷನ್ ನಂಬರ್ ಬದಲಾಗಿವೆ, ಹಾಗಾಗಿ ಹಳೇ ಲೇಖನಗಳಲ್ಲಿ 17, 192 ಅಂತ ಓದಿದರೆ ಅದು 1961ರ ಕಾಯ್ದೆಯದ್ದು ಅಂತ ತಿಳಿಯಿರಿ. ಎಕ್ಸರ್‌ಸೈಜ್‌ನಲ್ಲಿ ಒಮ್ಮೆ, ಮಾರಾಟದಲ್ಲಿ ಒಮ್ಮೆ ಅನ್ನುವ ಲೆಕ್ಕ ಬದಲಾಗಿಲ್ಲ.

ಷೇರನ್ನು ಕಾಗದದ ಬದಲು ಕಂಪ್ಯೂಟರ್‌ನಲ್ಲಿ ಇಡುವ ಡಿಮ್ಯಾಟ್ ಖಾತೆ ಇಲ್ಲದಿದ್ದರೆ ಈಗಲೇ ತೆರೆಯಿರಿ. ಸಣ್ಣ ಕಂಪನಿಗಳನ್ನು ಬಿಟ್ಟು ಉಳಿದ ಪ್ರೈವೇಟ್ ಕಂಪನಿಗಳು ಈಗ ಹೊಸ ಷೇರನ್ನು ಡಿಮ್ಯಾಟ್ ರೂಪದಲ್ಲೇ ಕೊಡಬೇಕು. 90 ದಿನದ ಗಡುವಿನ ಕೊನೆಯ ವಾರದಲ್ಲಿ ಖಾತೆ ತೆರೆಯಲು ಓಡಾಡುವುದು ಬೇಡ.

ಹೆಜ್ಜೆ 5: ಸ್ಟಾರ್ಟಪ್ ಆದರೆ ತೆರಿಗೆ ಮುಂದೂಡಬಹುದಾ ಕೇಳಿ

2020ರಲ್ಲಿ ಒಂದು ಒಳ್ಳೆಯ ಬದಲಾವಣೆ ಬಂತು. ಅರ್ಹ ಸ್ಟಾರ್ಟಪ್ ನೌಕರರು ಎಕ್ಸರ್‌ಸೈಜ್ ದಿನವೇ ತೆರಿಗೆ ಕಟ್ಟಬೇಕಿಲ್ಲ, ಸುಮಾರು ಐದು ವರ್ಷ ಮುಂದೂಡಬಹುದು. ಆದರೆ ಅಷ್ಟರಲ್ಲಿ ಷೇರು ಮಾರಿದರೆ ಅಥವಾ ಕೆಲಸ ಬಿಟ್ಟರೆ, ಯಾವುದು ಮೊದಲೋ ಆಗ, 14 ದಿನದೊಳಗೆ ತೆರಿಗೆ ಕಡಿತ ಆಗಬೇಕು.

ಇಲ್ಲಿ ಎಲ್ಲರೂ ಎಡವುವುದು ಅರ್ಹತೆಯಲ್ಲಿ. ಕೇಂದ್ರ ಸರ್ಕಾರದ ಕೈಗಾರಿಕಾ ಇಲಾಖೆ ಡಿಪಿಐಐಟಿ ಗುರುತಿಸಿದ ಸ್ಟಾರ್ಟಪ್ ಅನ್ನುವುದು ಬೇರೆ. ತೆರಿಗೆ ವಿನಾಯಿತಿಗಾಗಿ ಅಂತರ ಸಚಿವಾಲಯ ಮಂಡಳಿ ಕೊಡುವ ಪ್ರಮಾಣಪತ್ರ ಬೇರೆ. ಮುಂದೂಡಿಕೆಗೆ ಎರಡನೆಯದೂ ಬೇಕು. ನನ್ನ ಹಳೇ ಕಂಪನಿಗೆ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ‘ನಾವು ಸ್ಟಾರ್ಟಪ್, ನಿಮಗೆ ತೆರಿಗೆ ಈಗ ಬರಲ್ಲ’ ಅಂತ ಆಫೀಸಿನಲ್ಲಿ ಎಲ್ಲರೂ ಮಾತಾಡಿಕೊಳ್ಳುತ್ತಿದ್ದೆವು, ಪ್ರಮಾಣಪತ್ರ ತೋರಿಸಿ ಅಂತ ಒಬ್ಬರೂ ಕೇಳಿರಲಿಲ್ಲ.

ಮುಂದೂಡಿಕೆ ಸಿಕ್ಕರೂ ಆ ತೆರಿಗೆಯ ಮೊತ್ತ ಬೇರೆಯಾಗಿ ಎತ್ತಿಡಿ. ಐದು ವರ್ಷದ ನಂತರ ಷೇರಿಗೆ ಬೆಲೆ ಇಲ್ಲದೇ ಹೋದರೂ ಅವತ್ತಿನ ಲೆಕ್ಕದ ತೆರಿಗೆ ಕಟ್ಟಲೇಬೇಕು.

ಹೆಜ್ಜೆ 6: ರಾಜೀನಾಮೆ ಪತ್ರ ಬರೆಯುವ ಮೊದಲು

ಕೆಲಸ ಬಿಟ್ಟ ದಿನ ವೆಸ್ಟ್ ಆಗದ ಆಪ್ಷನ್ ರದ್ದಾಗುತ್ತದೆ. ವೆಸ್ಟ್ ಆದದ್ದಕ್ಕೆ ಪ್ಲಾನ್‌ನಲ್ಲಿ ಹೇಳಿದಷ್ಟು ದಿನ ಸಮಯ. ನನಗೆ 90 ದಿನ ಇತ್ತು. ಕೆಲವು ಕಂಪನಿಗಳು 30 ದಿನ ಕೊಡುತ್ತವೆ, ಕೆಲವು ವರ್ಷಗಟ್ಟಲೆ ಕೊಡುತ್ತವೆ. ದೊಡ್ಡ ಅವಧಿ ಕೊಡುವ ಕಂಪನಿಯ ಇಸಾಪ್, ಸಂಖ್ಯೆ ಸ್ವಲ್ಪ ಕಡಿಮೆ ಇದ್ದರೂ, ನನ್ನ ಲೆಕ್ಕದಲ್ಲಿ ಉತ್ತಮ. ಷೇರು ಮಾರುವ ದಾರಿ ತೆರೆಯುವವರೆಗೆ ಕಾಯಬಹುದು, ತೆರಿಗೆಗೆ ಸಾಲ ಮಾಡಬೇಕಿಲ್ಲ.

ನಾನು ಜುಲೈನಲ್ಲಿ ಬಿಟ್ಟೆ. 90 ದಿನ ಅಕ್ಟೋಬರ್‌ಗೆ ಮುಗಿಯಿತು. ಪೂರ್ತಿ ಒಂದೇ ಆರ್ಥಿಕ ವರ್ಷ. ಫೆಬ್ರವರಿ ಕೊನೆಗೆ ಬಿಟ್ಟಿದ್ದರೆ ಆ 90 ದಿನ ಮೇ ಕೊನೆಯವರೆಗೆ ಬರುತ್ತಿತ್ತು, ಮಾರ್ಚ್‌ನಲ್ಲಿ ಅರ್ಧ, ಏಪ್ರಿಲ್‌ನಲ್ಲಿ ಅರ್ಧ ತಗೊಂಡು ಮೇಲೆ ಹೇಳಿದ 76,700 ಉಳಿಸಬಹುದಿತ್ತು. ಮುಖ್ಯವಾಗಿ, ಬಿಟ್ಟುಕೊಟ್ಟ ಆ 1,000 ಆಪ್ಷನ್ ಉಳಿಯುತ್ತಿತ್ತು. ನಾಲ್ಕು ವರ್ಷ ರಾತ್ರಿ ಹಗಲು ದುಡಿದು ಸಂಪಾದಿಸಿದ್ದರಲ್ಲಿ ಅರ್ಧ ಹೋಯಿತು. ಇದು ನನಗೆ ಇವತ್ತಿಗೂ ಬೇಜಾರಿನ ವಿಷಯ.

ಹಾಗಂತ ಎಲ್ಲ ತಗೊಳ್ಳಲು ಅಪ್ಪಾಜಿಯ ಎಫ್‌ಡಿ ಮುರಿಸಬೇಕಿತ್ತಾ? ಅವರು ಮುರಿಸುತ್ತೇನೆ ಅಂದರು. ನಾನು ಬೇಡ ಅಂದೆ. ಲಿಸ್ಟ್ ಆಗದ ಕಂಪನಿಯ ಷೇರಿಗೆ ಹಾಕುವ ದುಡ್ಡು ಪೂರ್ತಿ ಮುಳುಗಿದರೂ ಮನೆ ನಡೆಯಬೇಕು, ಅಷ್ಟನ್ನು ಮಾತ್ರ ಹಾಕಿ. ಚಿನ್ನ ಅಡ ಇಟ್ಟು, ಪರ್ಸನಲ್ ಲೋನ್ ತೆಗೆದು ಎಕ್ಸರ್‌ಸೈಜ್ ಮಾಡಬೇಡಿ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಹೆಜ್ಜೆ 7: ಮಾರುವಾಗ

ಮಾರಿದಾಗ ಲಾಭ ಎಣಿಸುವುದು ನೀವು ಕಟ್ಟಿದ 50 ರೂಪಾಯಿಯಿಂದ ಅಲ್ಲ, ಮೊದಲು ತೆರಿಗೆ ಕಟ್ಟಿದ ಬೆಲೆಯಿಂದ. ನನ್ನ ಲೆಕ್ಕದಲ್ಲಿ 850ರಿಂದ. ಇದನ್ನು ತಪ್ಪಿ 50 ಅಂತ ಹಾಕಿದರೆ ಒಂದೇ ಲಾಭಕ್ಕೆ ಎರಡು ಸಲ ತೆರಿಗೆ ಕಟ್ಟಿದ ಹಾಗೆ. ಇಟ್ಟುಕೊಂಡ ಅವಧಿ ಎಣಿಸುವುದು ಷೇರು ನಿಮ್ಮ ಹೆಸರಿಗೆ ಅಲಾಟ್ ಆದ ದಿನದಿಂದ.

ಲಿಸ್ಟ್ ಆಗದ ಷೇರು 24 ತಿಂಗಳು ದಾಟಿದ ಮೇಲೆ ಮಾರಿದರೆ ಲಾಭದ ಮೇಲೆ ಶೇ. 12.5, ಅದರೊಳಗೆ ಮಾರಿದರೆ ನಿಮ್ಮ ಮಾಮೂಲಿ ಸ್ಲ್ಯಾಬ್ ದರ. ಮಾರುಕಟ್ಟೆಯಲ್ಲಿ ಲಿಸ್ಟ್ ಆದ ಷೇರಿಗೆ 12 ತಿಂಗಳು ಸಾಕು. ದಾಟಿದರೆ ವರ್ಷಕ್ಕೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ. 12.5, ಒಳಗೆ ಮಾರಿದರೆ ಶೇ. 20. ಈ ದರಗಳು 2024ರ ಜುಲೈ 23ರಿಂದ ಬಂದವು. ನನ್ನ 1,000 ಷೇರು ಎರಡು ವರ್ಷ ದಾಟಿ, ಲಿಸ್ಟ್ ಆಗದೆಯೇ 1,200ಕ್ಕೆ ಹೋದರೆ ಲಾಭ 3.5 ಲಕ್ಷ, ತೆರಿಗೆ ಸೆಸ್ ಸೇರಿ 45,500. ಇದು ಭಾರ ಅಲ್ಲ, ಯಾಕೆಂದರೆ ಆಗ ದುಡ್ಡು ಕೈಯಲ್ಲಿರುತ್ತದೆ.

ಬೆಲೆ 300ಕ್ಕೆ ಬಿದ್ದರೆ? ಒಂದಕ್ಕೆ 550ರಂತೆ 5.5 ಲಕ್ಷ ನಷ್ಟ. ಸಂಬಳದ ಮೇಲೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ, ಈ ನಷ್ಟವನ್ನು ಸಂಬಳದಿಂದ ಕಳೆಯಲೂ ಆಗುವುದಿಲ್ಲ. ಬಂಡವಾಳ ಲಾಭದ (ಷೇರು, ಆಸ್ತಿ ಮಾರಿ ಬಂದ ಲಾಭ) ಎದುರು ಮಾತ್ರ ಹೊಂದಿಸಬಹುದು, ದೀರ್ಘಾವಧಿ ನಷ್ಟವಾದರೆ, ಅಂದರೆ ಮೇಲೆ ಹೇಳಿದ 24 ಅಥವಾ 12 ತಿಂಗಳು ದಾಟಿ ಮಾರಿದ್ದರೆ, ದೀರ್ಘಾವಧಿ ಲಾಭದ ಎದುರು ಮಾತ್ರ. ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಆ ವರ್ಷದ ರಿಟರ್ನ್ ಗಡುವಿನೊಳಗೆ ಹಾಕಿರಬೇಕು.

ಲಿಸ್ಟ್ ಆಗದ ಕಂಪನಿಯಲ್ಲಿ ಮಾರುವ ಅವಕಾಶ ಬರುವುದು ಬಹುತೇಕ ಎರಡು ರೀತಿ. ಹೊಸ ಹೂಡಿಕೆದಾರ ಬಂದು ನೌಕರರ ಷೇರು ಕೊಳ್ಳುತ್ತಾನೆ, ಇಲ್ಲ ಕಂಪನಿಯೇ ಬೈಬ್ಯಾಕ್ ಮಾಡುತ್ತದೆ, ಅಂದರೆ ತನ್ನ ಷೇರನ್ನು ತಾನೇ ವಾಪಸ್ ಕೊಳ್ಳುತ್ತದೆ. ಎರಡಕ್ಕೂ ತೆರಿಗೆ ಒಂದೇ ಅಲ್ಲ. ಬೈಬ್ಯಾಕ್ ತೆರಿಗೆಯ ನಿಯಮ 2024ರ ಅಕ್ಟೋಬರ್ 1ರಂದು ಪೂರ್ತಿ ಬದಲಾಯಿತು, ಹಾಗಾಗಿ ಸಹಿ ಹಾಕುವ ವರ್ಷದ ನಿಯಮ ಯಾವುದು ಅಂತ ನಿಮ್ಮ ಆಡಿಟರ್ ಹತ್ತಿರ ಕೇಳಿಯೇ ಸಹಿ ಹಾಕಿ. ಷೇರು ಕೊಡದೆ, ಆಪ್ಷನ್ ಇಟ್ಟುಕೊಂಡವರಿಗೇ ಪರಿಹಾರ ಅಂತ ನಗದು ಕೊಟ್ಟ ಪ್ರಕರಣದಲ್ಲಿ 2024ರಲ್ಲಿ ದೆಹಲಿ ಹೈಕೋರ್ಟ್ ತೆರಿಗೆ ಇಲ್ಲ ಅಂದಿತು, ಮದ್ರಾಸ್ ಹೈಕೋರ್ಟ್ ತೆರಿಗೆ ಇದೆ ಅಂದಿತು. ಕೋರ್ಟುಗಳೇ ಎರಡು ಮಾತು ಹೇಳುವ ಜಾಗದಲ್ಲಿ ಗೆಳೆಯರ ಸಲಹೆ ಮೇಲೆ ನಡೆಯಬಾರದು.

ಕಂಪನಿ ಲಿಸ್ಟ್ ಆಗಿದ್ದರೆ ಇನ್ನೊಂದು ಎಚ್ಚರ. ಮೂರು ತಿಂಗಳ ಲೆಕ್ಕ ಮುಗಿದ ದಿನದಿಂದ ಫಲಿತಾಂಶ ಪ್ರಕಟಿಸಿ 48 ಗಂಟೆ ಆಗುವವರೆಗೆ, ಒಳಗಿನ ಮಾಹಿತಿ ಇರುವ ನೌಕರರು ಷೇರು ಮಾರುವ ಹಾಗಿಲ್ಲ. ಇದು ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಯ ನಿಯಮ.

ಬಂದ ದುಡ್ಡಿನಲ್ಲಿ ಊರಿನಲ್ಲಿ ಮನೆ ಮಾಡಬೇಕು ಅನ್ನುವವರಿಗೆ ಒಂದು ದಾರಿ ಇದೆ. ದೀರ್ಘಾವಧಿಗೆ ಇಟ್ಟ ಷೇರು ಮಾರಿ ಬಂದ ಪೂರ್ತಿ ಮೊತ್ತವನ್ನು ವಾಸದ ಮನೆಗೆ ಹಾಕಿದರೆ ಆ ಲಾಭಕ್ಕೆ ವಿನಾಯಿತಿ ಸಿಗುತ್ತದೆ. ಒಂದು ಭಾಗ ಹಾಕಿದರೆ ಅಷ್ಟಕ್ಕೆ ತಕ್ಕ ವಿನಾಯಿತಿ. ಕಟ್ಟಿದ ಮನೆಯನ್ನು ಎರಡು ವರ್ಷದೊಳಗೆ ಕೊಳ್ಳಬೇಕು, ಇಲ್ಲ ಮೂರು ವರ್ಷದೊಳಗೆ ಕಟ್ಟಿ ಮುಗಿಸಬೇಕು. ಬಡಾವಣೆಯಲ್ಲಿ ಸೈಟು ತಗೊಂಡು ಬೇಲಿ ಹಾಕಿ ಬಿಟ್ಟರೆ ವಿನಾಯಿತಿ ಇಲ್ಲ. ನಿಮ್ಮ ಹೆಸರಿನಲ್ಲಿ ಆಗಲೇ ಒಂದಕ್ಕಿಂತ ಹೆಚ್ಚು ಮನೆ ಇದ್ದರೂ ಇಲ್ಲ.

ಅಮೆರಿಕದ ಕಂಪನಿಯ ಷೇರು ಆದರೆ

ಬೆಂಗಳೂರಿನಲ್ಲಿ ಆಫೀಸು, ಮೂಲ ಕಂಪನಿ ಅಮೆರಿಕದಲ್ಲಿ, ಹೀಗಿದ್ದರೆ ಬಹುಶಃ ನಿಮಗೆ ಸಿಗುವುದು ಆರ್‌ಎಸ್‌ಯು, ಅಂದರೆ ಆಪ್ಷನ್ ಬದಲು ನೇರವಾಗಿ ಷೇರೇ. ಇದಕ್ಕೆ ದುಡ್ಡು ಕಟ್ಟಬೇಕಿಲ್ಲ, ವೆಸ್ಟ್ ಆಗಿ ಷೇರು ಬಂದ ದಿನವೇ ಪೂರ್ತಿ ಬೆಲೆಗೆ ಸಂಬಳದ ತೆರಿಗೆ. ಕಂಪನಿಗಳು ಒಂದಿಷ್ಟು ಷೇರು ಅಲ್ಲೇ ಮಾರಿ ತೆರಿಗೆ ಹೊಂದಿಸುವುದು ಸಾಮಾನ್ಯ.

ಇವರು ಮರೆಯುವುದು ರಿಟರ್ನ್. ಅಮೆರಿಕದಲ್ಲಿ ಲಿಸ್ಟ್ ಆದ ಷೇರಾದರೂ ನಮ್ಮ ಕಾನೂನಿಗೆ ಅದು ಲಿಸ್ಟ್ ಆಗದ ಷೇರಿನ ಹಾಗೆ, 24 ತಿಂಗಳ ಲೆಕ್ಕ. ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಷೆಡ್ಯೂಲ್ ಎಫ್‌ಎ ತುಂಬಲೇಬೇಕು, ಒಂದೂ ಷೇರು ಮಾರದಿದ್ದರೂ. ಅಲ್ಲಿ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯ ಪ್ರಕಾರ 10 ಲಕ್ಷ ರೂಪಾಯಿ ದಂಡ ಹಾಕಬಹುದು. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷ ಮೀರದಿದ್ದರೆ ಈ ದಂಡದಿಂದ ರಿಯಾಯಿತಿ ಇದೆ, ಆದರೆ ತೋರಿಸುವ ಕೆಲಸ ತಪ್ಪುವುದಿಲ್ಲ. ಡಿವಿಡೆಂಡ್ ಬಂದರೆ ಡಬ್ಲ್ಯೂ-8ಬೆನ್ ಫಾರಂ (ನಾನು ಅಮೆರಿಕದವನಲ್ಲ ಅಂತ ತಿಳಿಸುವ ಫಾರಂ) ಕೊಟ್ಟವರಿಗೆ ಅಲ್ಲಿ ಶೇ. 25 ಹಿಡಿಯುತ್ತಾರೆ. ಅದಕ್ಕೆ ಇಲ್ಲಿ ಕ್ರೆಡಿಟ್ ಕೇಳಬಹುದು, ಅದಕ್ಕೆ ಬೇರೆ ಫಾರಂ ಹಾಕಬೇಕು.

ಕೊನೆಯದು: ರಿಟರ್ನ್ ಮತ್ತು ಫೈಲು

ಲಿಸ್ಟ್ ಆಗದ ಒಂದೇ ಒಂದು ಷೇರು ಇದ್ದರೂ ಐಟಿಆರ್-1 ನಡೆಯುವುದಿಲ್ಲ. ವಿದೇಶಿ ಷೇರು ಇದ್ದರೂ, ಇಸಾಪ್ ತೆರಿಗೆ ಮುಂದೂಡಿದ್ದರೂ ಅಷ್ಟೇ. ವ್ಯಾಪಾರದ ಆದಾಯ ಇಲ್ಲದವರು ಐಟಿಆರ್-2 ಹಾಕಬೇಕು. ಪ್ರತಿ ವರ್ಷ ಅದೇ ಹಳೇ ಐಟಿಆರ್-1 ಹಾಕಿಕೊಡುವವರ ಹತ್ತಿರ ಹೋದರೆ, ನೀವಾಗಿಯೇ ಹೇಳದೆ ಅವರಿಗೆ ಗೊತ್ತಾಗುವುದಿಲ್ಲ. ನಾನು ಹೋದಾಗ ಮೊದಲು ಗ್ರಾಂಟ್ ಲೆಟರ್ ಟೇಬಲ್ ಮೇಲೆ ಇಟ್ಟು ಆಮೇಲೆ ಮಾತು ಶುರು ಮಾಡಿದೆ. ಷೇರು ಮಾರಿದ ವರ್ಷ ತೆರಿಗೆ 10,000 ದಾಟುವುದಾದರೆ ಅಡ್ವಾನ್ಸ್ ಟ್ಯಾಕ್ಸ್ ಕೂಡ ಕಟ್ಟಬೇಕು, ಇಲ್ಲದಿದ್ದರೆ ಬಡ್ಡಿ.

ಒಂದು ಫೈಲು ಮಾಡಿ. ಅದರಲ್ಲಿ ಗ್ರಾಂಟ್ ಲೆಟರ್, ಪ್ಲಾನ್, ಎಕ್ಸರ್‌ಸೈಜ್ ಅರ್ಜಿ, ದುಡ್ಡು ಕಟ್ಟಿದ ರಸೀದಿ, ಮರ್ಚೆಂಟ್ ಬ್ಯಾಂಕರ್ ಮೌಲ್ಯಮಾಪನದ ಪ್ರತಿ, ಆ ವರ್ಷದ ಫಾರಂ 16, ಡಿಮ್ಯಾಟ್ ಸ್ಟೇಟ್‌ಮೆಂಟ್. ಹತ್ತು ವರ್ಷದ ನಂತರ ಮಾರುವಾಗ 850 ಅನ್ನುವ ಸಂಖ್ಯೆಗೆ ಸಾಕ್ಷಿ ಬೇಕಾಗುತ್ತದೆ, ಆ ಹೊತ್ತಿಗೆ ಕಂಪನಿಯ ಮೇಲ್ ಖಾತೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ಕೆಲಸದ ಕೊನೆಯ ದಿನದೊಳಗೆ ಇವುಗಳಲ್ಲಿ ಸಿಗುವುದನ್ನೆಲ್ಲ ಕೇಳಿ ಪಡೆದು, ಉಳಿದದ್ದನ್ನು ಬಂದ ಕೂಡಲೇ ಸೇರಿಸಿ ಮನೆಯಲ್ಲಿ ಇಟ್ಟುಕೊಳ್ಳಿ.

ಮನೆಯವರಿಗೆ ಹೇಳಿ. ಕೆಲಸದಲ್ಲಿ ಇರುವಾಗಲೇ ನೌಕರ ತೀರಿಕೊಂಡರೆ, ಅಲ್ಲಿಯವರೆಗೆ ಕೊಟ್ಟ ಎಲ್ಲ ಆಪ್ಷನ್‌ಗಳೂ, ವೆಸ್ಟ್ ಆಗದವೂ ಸೇರಿ, ವಾರಸುದಾರರಿಗೆ ಅಥವಾ ನಾಮಿನಿಗೆ ಸೇರಬೇಕು ಅಂತ ಮೇಲೆ ಹೇಳಿದ 2014ರ ನಿಯಮಗಳಲ್ಲೇ ಇದೆ. ಕೆಲಸ ಮಾಡಲಾಗದಷ್ಟು ಶಾಶ್ವತ ಅಂಗವೈಕಲ್ಯ ಆದರೆ ಆ ದಿನವೇ ಎಲ್ಲವೂ ನೌಕರನಿಗೆ ವೆಸ್ಟ್ ಆಗುತ್ತದೆ. ಇಂಥ ಹಕ್ಕು ಇದೆ ಅನ್ನುವುದೇ ಮನೆಯಲ್ಲಿ ಗೊತ್ತಿಲ್ಲದಿದ್ದರೆ ಕೇಳುವವರು ಯಾರು? ಡಿಮ್ಯಾಟ್ ಖಾತೆಗೆ ನಾಮಿನಿ ಹಾಕಿಸಿ, ಕಂಪನಿಯ ಇಸಾಪ್ ಪೋರ್ಟಲ್‌ನಲ್ಲಿ ನಾಮಿನಿ ಕಾಲಂ ಇದ್ದರೆ ಅಲ್ಲೂ ಹಾಕಿ. ನನ್ನದರಲ್ಲಿ ಅಮ್ಮನ ಹೆಸರಿದೆ. ಫೈಲು ಬೀರುವಿನಲ್ಲಿ, ತೋಟದ ಪಹಣಿ ಪಕ್ಕದಲ್ಲಿದೆ, ಅದನ್ನು ಅಮ್ಮನಿಗೆ ಒಮ್ಮೆ ತೆರೆದು ತೋರಿಸಿದ್ದೇನೆ.